ಕಡೇ ದಿನದ ಹೆಬ್ಬೆಟ್ಟು

ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ರೇಷ್ಮೆಗೂಡಿನ ಬುಟ್ಟಿಗೆ ಒರಗಿ ಕೂತಿದ್ದ ವಜೀರನಿಗೆ ಪಕ್ಕದವರ ಮಾತು ಕೇಳುವ ಹಂಬಲವೇನೂ ಇರಲಿಲ್ಲ. ತಾನಾಗಿ ಕಿವಿಗೆ ಬಿತ್ತು. ಪಕ್ಕದಲ್ಲಿದ್ದ ಹಳ್ಳಿ ಗೌಡರ ಕೈಯಲ್ಲಿ ಅರ್ಜಿ ಮತ್ತು ಶಾಯಿ ಡಬ್ಬಿ. ಎದುರಿಗೆ ಅದೇ ಹಳ್ಳಿಯ ಊರಾಚೆ ಕೇರಿಯ ಮುದುಕಿ.

“ಹೆಬ್ಬೆಟ್ಟು ಒತ್ತು ಚಿಕ್ಕವೆಂಕಟಮ್ಮ. ಕೇರಿಯೋರಿಲ್ದೆ ಮಹಿಳಾ ಮಂಡಳಿಗೆ ತಾಲ್ಲೂಕು ಬೋರ್ಡಿನ ಗ್ರಾಂಟು ಸಿಗಲ್ಲ.”

“ಹೋದ ವರ್ಷಾನೂ ಒತ್ತಿದ್ನಲ್ಲ ಗೌಡ್ರೆ.”

“ಅದ್ರಿಂದ್ಲೇ ಶಿಶುವಿಹಾರ ಆಯ್ತು.”

“ಆಯ್ತು. ನನ್ನ ಮೊಮ್ಮಗಳು ಜಗಲಿ ಕೆಳಗೆ ಕೂತ್ಕೋತಾಳೆ.”

“ಹಾಲು ಕೊಡ್ತಾರೋ ಇಲ್ವೋ?”

“ಕೊಡ್ತಾರೆ. ಮೇಲಿಂದ ಹುಯ್ತಾರೆ.”

“ಸಾಹೇಬ್ರು ನೋಡೋಕೆ ಬಂದಾಗ ಒಳಗೇ ಕೂರಿಸಿದ್ವಲ್ಲ.”

“ಜೀಪು ಹೋದ್ಮೇಲೆ ಎಬ್ಬಿಸಿದ್ರಿ. ಅವತ್ತಿಂದ ದಿನಾ ಕೇಳ್ತಾಳೆ, ಅಜ್ಜೀ, ಸಾಹೇಬ್ರು ಮತ್ತೆ ಯಾವಾಗ ಬರ್ತಾರೆ ಅಂತ.”

ಗೌಡರು ಅರ್ಜಿಯನ್ನು ಅವಳ ಮುಂದಕ್ಕೆ ಹಿಡಿದರು.

“ತಿಂಗಳ ಕೊನೆಗೆ ಕೊಡ್ಬೇಕು ಕಣಮ್ಮ ಇದನ್ನ.”

“ಹಂಗಾದ್ರೆ ತಿಂಗಳೆಲ್ಲಾ ಕೇರಿ ಮಕ್ಕಳನ್ನ ಒಳಗೆ ಕೂರ್ಸಿ. ಕಡೇ ದಿನ ಶಿಶುವಿಹಾರಕ್ಕೇ ಬಂದು ಒತ್ತೀನಿ.”

ದಿಬ್ಬೂರಹಳ್ಳಿ ಬಸ್ಸು ಬಂತು. ಮುದುಕಿ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಗೌಡರು ಶಾಯಿ ಡಬ್ಬಿ ಮುಚ್ಚಿಕೊಂಡು ಹಿಂದೆಯೇ ಹತ್ತಿದರು. ಅವಳ ಪಕ್ಕ ಜಾಗ ಖಾಲಿ ಇತ್ತು. ಬಸ್ಸು ತಿರುವು ದಾಟುವವರೆಗೂ ವಜೀರ್ ನೋಡಿದ. ಗೌಡರು ಕಂಬಿ ಹಿಡಿದು ನಿಂತೇ ಇದ್ದರು.