ಮುಂದಿಟ್ಟ ಬಶಿ

ಅಯ್ಯ, ಹಂಗಲ್ಲ! ಮತ್ತ ಹೊರಗ ಹೋಗು. ಹೋಗಂದ್ರ ಹೋಗ... ಬಾಗಲದಾಗ ನಿಂತು ‘ಒಳಗ ಬರ್ಲೇನ್ರಿ ಸರ್’ ಅನಬೇಕು. ಅವರು ಬರ್ರಿ ಅಂದಮ್ಯಾಲ ಬರಬೇಕು. ನೀ ಏನ ಮಾಡಿದಿ? ನಮ್ಮತ್ತಿ ಅಡಗಿಮನಿಗೆ ನುಗ್ಗಿದಂಗ ನುಗ್ಗಿದಿ! ಹೂಂ, ಈಗ ಬಾ. ಹಾಂ, ಭೇಷ್. ನಿಂದ್ರು... ಕುಂದ್ರು ಅನ್ನೂತನಾ ಕುಂದ್ರಬ್ಯಾಡ. ಈ ಕುರ್ಚಿಮ್ಯಾಗ ಕುಂತಾಕಿ ಈಗ ನಿನ್ನ ನೆಗೆಣ್ಣಿ ಕಸ್ತೂರಿ ಅಲ್ಲ, ತಿಳೀತಿಲ್ಲೋ? ಟಿಕೋಟಾದ ಅಬ್ದುಲಸಮದ ಸಾಹುಕಾರ. ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಮಾಲಕ. ಗಡ್ಡ ಒಂದ ಇಲ್ಲ ನನಗ, ಅಷ್ಟ.

ಯಾಕ ನಗಾಕತ್ತಿ?

ನಗು, ನಗು. ನಾಳಿ ಅವರ ಮುಂದ ಹಿಂಗ ಹಲ್ಲ ಕಿಸೀಬ್ಯಾಡ ಮತ್ತ. ಕುಂದ್ರು ಈಗ. ಮಾರಿ ನೋಡ, ಹ್ಯಾಂಗ ಬಾಡೇತಿ! ಮುಂಜಾನಿಂದ ಬಾಯಾಗ ಹನಿ ನೀರ ಹಾಕಿಲ್ಲ. ಶ್ರಾವಣ ಸೋಮವಾರ ಹೌದು, ನಾವೂ ಮಾಡ್ತೀವಿ, ಆದ್ರ ನಾವು ಹಣ್ಣು ಹಾಲು ತಗೋತೀವಿ. ನಿಂದು ಅತೀ ಆತು ತಂಗಿ. ಪುಣ್ಯಾಕ ಇಂಟರವ್ಯೂ ನಾಳಿ ಮಂಗಳವಾರ ಐತಿ. ನಾಳಿ ಹೊಟ್ಟಿ ತುಂಬ ಉಂಡು ಹೋಗು.

ಹಾಂ, ಹೇಳು. ‘ಮನಿ ಎಲ್ಲೈತ್ರಿ?’ ವಿಜಯಪುರದಾಗ, ಅಥಣಿ ರಸ್ತೇಕ ಅನ್ನು. ತವರಮನಿ ಬಬಲೇಶ್ವರ ಅನ್ನು. ‘ಮನ್ಯಾಗ ಒಪ್ಪಿಗಿ ಐತೇನು?’ ಇದನ್ನ ಕೇಳೇ ಕೇಳ್ತಾರ. ಕಣ್ಣಾಗ ಕಣ್ಣಿಟ್ಟು ‘ಐತ್ರಿ’ ಅನ್ನು. ನಿನಗೇನವಾ, ನಿನ್ನ ಗಂಡ ಮಾಳು ಬೈಕ್ ಮ್ಯಾಗ ಬಿಟ್ಟು ಬರ್ತೀನಿ ಅಂತಾನ. ಅತ್ತಿ ಸೈತ ಓಣಿ ತುಂಬ ಡಂಗುರ ಹೊಡದಾಳ, ‘ನಮ್ಮ ಸಣ್ಣಾಕಿ ಮಾಲ ನೋಡೂ ಸುಪರವೈಜರ್ ಆಗ್ತಾಳ’ ಅಂತ. ಅದೇ ಅತ್ತಿ ದುಂಡವ್ವ! ಅದೇ ಮನಿ! ಎರಡ ವರ್ಷದಾಗ ಎಷ್ಟ ಬದಲಾತು ನೋಡ.

ಇಲ್ಲ, ಇಲ್ಲ, ಹಳೇ ಮಾತ ತಗೀವಲ್ಲೆ. ಮರತೀನಿ. ದೇವರಾಣಿ ಮರತೀನಿ.

ಆದ್ರ ನೀ ಹೇಳು... ಅವತ್ತ ನಾ ಏನ ಕಳವು ಮಾಡಾಕ ಹೊಂಟಿದ್ನೇನು? ಇದೇ ಕೆಲಸ, ಇದೇ ಇಂಟರವ್ಯೂ. ಗಂಡಗ ಹೇಳಿದ್ರ ಬಿಡಂಗಿಲ್ಲ ಅಂತ ‘ಸಿದ್ಧೇಶ್ವರ ಗುಡಿಗೆ ಹೋಗಿ ಬರ್ತೀನಿ’ ಅಂದು ಹೋದೆ. ನಿನಗೊಬ್ಬಾಕಿಗೆ ಹೇಳಿದ್ದೆ. ಹೊಸದಾಗಿ ಬಂದಾಕಿ, ನನ್ನ ತಂಗಿ ಇದ್ದಂಗ ಅಂತ, ಕೈ ಹಿಡದು ಹೇಳಿದ್ದೆ. ನಾ ಟಿಕೋಟಾ ಮುಟ್ಟೂದ್ರಾಗ ನೀ ಅತ್ತಿ ಮುಂದ ಒದರಿದಿ! ಫೋನ್ ಮ್ಯಾಗ ಫೋನ್. ಸಾಹುಕಾರರ ಮುಂದ ಕುಂತೀನಿ, ಚೀಲದಾಗ ಫೋನ್ ಬಡಕೊಳ್ಳಾಕತ್ತೇತಿ... ಆ ಫೋನಿನಿಂದ ಕೆಲಸ ಹೋತು. ಮನಿಗೆ ಬಂದ್ರ ನನ್ನ ಗಂಡ, ನಿಮ್ಮ ಭಾವ ಬೀರಣ್ಣ, ಬಾಗಲದಾಗ ನಿಂತಿದ್ರು, ಕೈ ಮುಂದ ಚಾಚಿ. ಫೋನ್ ಕಸಕೊಂಡು ಟ್ರಂಕಿನ್ಯಾಗ ಇಟ್ರು. ‘ಗುಡಿ ಹೆಸರ ಹೇಳಿ ತಿರಗಾಕಿ’ ಅಂದ್ಲು ಅತ್ತಿ. ಬಂದ ಮಂದಿ ಮುಂದೆಲ್ಲ ಅಂದ್ಲು.

ನೀ ಅವತ್ತೂ ಹಿಂಗ ತಲಿ ಕೆಳಗ ಹಾಕಿ ಕುಂತಿದ್ದಿ. ಅತ್ತಿ ಗದರಿಸಿ ಕೇಳಿದ್ಲು, ಅಂಜಿ ಹೇಳಿದೆ ಅಂದಿ. ಹೌದು, ಅಂಜಿರಬೇಕು. ನಾ ನಂಬೀನಿ.

ದಿನಾ ಮುಂಜಾನಿ ರಸ್ತೆ ನಾಕಾದ ಕಡೆ ಹಾಲ ತರಾಕ ಹೋಗ್ತೀನಲ್ಲ, ಸಾಹುಕಾರರ ಕಂಪನಿ ಬಸ್ ಅಲ್ಲೇ ನಿಂದರತೈತಿ. ನೀಲಿ ಟೊಪಗಿ ಹಾಕ್ಕೊಂಡ ಸುಪರವೈಜರ್ ಹೆಣ್ಮಕ್ಕಳು ಕಿಟಕಿ ಕಡೆ ಕುಂತಿರ್ತಾರ. ಒಬ್ಬಾಕಿನೂ ನನ್ನ ನೋಡಂಗಿಲ್ಲ. ನಾ ಮಾತ್ರ ಎಲ್ಲಾರನೂ ನೋಡ್ತೀನಿ. ಹೊಟ್ಟಿಯಾಗ ಬೆಂಕಿ ಬೀಳತೈತಿ, ಸುಳ್ಳ ಯಾಕ ಹೇಳ್ಲಿ! ಅದಕ್ಕ ಅಂತೀನಿ, ನೀ ಹೋಗಬೇಕು. ನನ್ನ ನೋಡಿ ನಕ್ಕ ಆ ಸಾಹುಕಾರರ ಮುಂದ ನಮ್ಮ ಮನಿಯಾಕಿ ಹೋಗಿ ಕುಂದ್ರಬೇಕು. ನನ್ನ ಸೇಡು ನೀ ತೀರಿಸಬೇಕು. ಅದಕ್ಕಂತನ ಇಷ್ಟ ದಿನ ಗಂಟಲ ಹರಕೊಂಡು ಕಲಿಸೀನಿ.

ಏನು? ಮತ್ತ ಯಾಕ ನಕ್ಕಿ? ನಗಲಿಲ್ಲಾ? ಕಂಡೆ ನಾ, ಬಾಯಿಗೆ ಸೆರಗ ಹಿಡದಿ.

ಇರ್ಲಿ. ದೊಡ್ಡ ವಿಷಯ ಒಂದ ಉಳದೈತಿ. ಕಡೀಕ ಹೇಳಬೇಕಂತ ಇಟ್ಟಿದ್ದೆ. ಈ ಬಶಿ ನೋಡು. ಒಣದ್ರಾಕ್ಷಿ. ಗುಡಿ ಹಂತೇಕ ಪ್ಯಾಟ್ಯಾಗ ನಿನಗಂತ ತಂದೀನಿ. ಎಲ್ಲಾ ಮಾತ ಮುಗದಮ್ಯಾಲ ಸಾಹುಕಾರರು ಹಿಂಗ ಒಂದ ಬಶಿ ತುಂಬ ಒಣದ್ರಾಕ್ಷಿ ನಿನ್ನ ಮುಂದ ಇಡ್ತಾರ. ಬಾಯಿಂದ ಏನೂ ಅನ್ನಂಗಿಲ್ಲ. ಸುಮ್ನ ನಿನ್ನ ಕಡೆ ಸರಿಸ್ತಾರ. ಹಿಂಗ. ಆವಾಗ ನೀ ಏನ ಮಾಡಬೇಕು?

ತಿನಬೇಕು!

ನಾಚಬ್ಯಾಡ. ಹಿಡಿ ತುಂಬ ತಗೊಂಡು ತಿನ್ನು. ದೊಡ್ಡವರು ಮುಂದ ಇಟ್ಟಿದ್ದನ್ನ ಹಂಗ ಬಿಟ್ರ ಅವರಿಗೆ ಅಪಮಾನ ಮಾಡಿದಂಗ. ನಮ್ಮ ಕಡೆ ಯಾರರ ಬಿಡ್ತಾರೇನು? ನನ್ನ ತವರು ತೊರವಿಯಾಗ ನಮ್ಮವ್ವ ನಮಗ ಅದನ್ನ ಕಲಿಸ್ಯಾಳ, ಬಡವರ ಮನಿ ಚುರಮರಿ ಇದ್ರೂ ಒಂದ ಮುಕ್ಕ ಬಾಯಿಗೆ ಹಾಕ್ಕೊಂಡ ಏಳಬೇಕು. ಹಿಂದ ಮುಂದ ತಿರಗಿಸಿ ನೋಡೂದು, ಮೂಸೂದು, ಅದೆಲ್ಲಾ ಮಾಡಬ್ಯಾಡ, ಸೊಕ್ಕಿನಾಕಿ ಅಂತಾರ. ತಿಂದು ‘ಭಾಳ ರುಚಿ ಅದಾವ್ರಿ’ ಅನ್ನು. ಖುಷಿ ಆಗ್ತಾರ.

ಏನಂದಿ? ನೀವ ತಿಂದ್ರೇನು ಅಂತಿ?

ನಾನಾ? ನನ್ನ ಮುಂದ... ಇಲ್ಲ, ನನ್ನ ಮುಂದ ಇಡಲೇ ಇಲ್ಲ ಬಶಿ. ಅಷ್ಟರಾಗ ಫೋನ್ ಬಂತಲ್ಲ. ಹೇಳಿದ್ನೆಲ್ಲ, ಫೋನಿನಿಂದ ಹೋತು ಅಂತ. ಮತ್ತ ನನಗ ಹ್ಯಾಂಗ ಗೊತ್ತು ಅಂತ ಹಂಗ ನೋಡಾಕತ್ತಿಯೇನು? ತಬಸ್ಸುಮ ಹೇಳಿದ್ಲು. ಅಲ್ಲಿ ದ್ರಾಕ್ಷಿ ಕಾಳ ಆರಿಸೂ ಕೆಲಸಕ್ಕ ಹೋಗ್ತಾಳಲ್ಲ, ಆಕಿ. ಆಕೀನ ಕೇಳಾಕ ಹೋಗಬ್ಯಾಡ ಮತ್ತ, ಊರಾಗಿಲ್ಲ. ಇವತ್ತ ಮುಂಜಾನಿ ಕಂಡಿದ್ಲಾ? ಇದ್ದಿರಬೇಕು... ಬಂದಿರಬೇಕು.

ಹಂಗ್ಯಾಕ ನೋಡ್ತಿ ಗೀತಾ?

ಚೀಲದಾಗ ಏನ ಹುಡಕಾಕತ್ತಿ? ಇರ್ಲಿ ಬಿಡು, ಆಮ್ಯಾಲ ಹುಡಕ್ಯಾಡು, ಮೊದಲ ಇದನ್ನ ಕಲಿ... ಏನದು?

ಟೊಪಗಿ.

ನೀಲಿ ಟೊಪಗಿ. ಇದು... ಇದನ್ನ ಸುಪರವೈಜರಿಗಷ್ಟ ಕೊಡ್ತಾರ. ಕಾಳ ಆರಿಸಾಕಿಗೆ ಬಿಳೀದು. ಎಲ್ಲಿಂದ ಬಂತು ಇದು ನಿನಗ? ತಬಸ್ಸುಮ ಕೊಟ್ಲೇನು? ಅಲ್ಲಾ? ಮತ್ತ...

ಇವತ್ತ ಮುಂಜಾನಿ ನೀ ಗುಡಿಗೆ ಹೋಗ್ತೀನಿ ಅಂದು ಹೋದಿ. ಸಿದ್ಧೇಶ್ವರ ಗುಡಿಗೆ. ಮಧ್ಯಾಹ್ನ ಇಳಿಹೊತ್ತಿಗೆ ಬಂದಿ. ಯಾಕ ಇಷ್ಟ ತಡಾ ಅಂದ್ರ ಪಾಳಿ ಭಾಳ ಇತ್ತು ಅಂದಿ.

ಇವತ್ತ ಇತ್ತೇನು? ಇಂಟರವ್ಯೂ ಒಂದ ದಿನ ಮೊದಲ, ಇವತ್ತ ಇಟ್ರಾ? ನನಗ ಯಾಕ ಹೇಳಲಿಲ್ಲ? ಎಲ್ಲಾರಿಗೂ ಗೊತ್ತೇನು? ಅತ್ತಿಗೆ? ಮಾಳುಗ? ನನಗೊಬ್ಬಾಕಿಗೆ ಅಷ್ಟನಾ!

ಬಶಿ ಇಟ್ರಾ ನಿನ್ನ ಮುಂದ?

ತಲಿ ಅಲ್ಲಾಡಿಸ್ತಿ. ಇಟ್ರು... ನೀ ತಿನ್ನಲಿಲ್ಲ. ಹ್ಯಾಂಗ ತಿಂತಿ! ಉಪಾಸ! ಉಪಾಸ ಇದ್ದಾಕಿ ಬಾಯಿಗೆ ಹ್ಯಾಂಗ ಹಾಕ್ತಿ... ತಿನ್ನಾಕ ಬರಂಗಿಲ್ಲ, ಬಿಡಾಕ ಬರಂಗಿಲ್ಲ. ಅದಕ್ಕ ಕೈಯಾಗ ಹಿಡದು ನೋಡಿದಿ. ಹಿಚಕಿ ನೋಡಿದಿ. ಮೂಸಿದಿ. ಬಣ್ಣ ಬರ್ಲಿ ಅಂತ ಹಾಕೂ ಗಂಧಕದ ಹೊಗಿ ಹೆಚ್ಚಾಗಿದ್ದು ನಿನ್ನ ಮೂಗಿಗೆ ಬಡೀತು, ಹೌದಿಲ್ಲೋ? ಅವರಿಗೆ ಬೇಕಾಗಿದ್ದೂ ಅದ! ಅದ ಪರೀಕ್ಷಾ! ಮಾಲ ನೋಡಾಕ ಬಂದಾಕಿ ನೋಡ್ತಾಳೋ ನುಂಗ್ತಾಳೋ ಅಂತ...

ಏನು? ನನಗ ಹ್ಯಾಂಗ ಗೊತ್ತು ಅಂತ ನೋಡಬ್ಯಾಡ ಹಂಗ. ನೋಡಬ್ಯಾಡ!

ಹೇಳಿದ್ರೇನು ಸಾಹುಕಾರರು? ಮೊದಲೊಬ್ಬಾಕಿ ಬಂದಿದ್ಲು ನಿಮ್ಮ ಮನಿಯಿಂದ, ಅರ್ಧ ಬಶಿ ಖಾಲಿ ಮಾಡಿ ಹೋದ್ಲು ಅಂತ? ಎಲ್ಲಾರೂ ನಕ್ರೇನು? ಅವತ್ತೂ ಹಂಗ ನಕ್ರು. ನೀರ ಕುಡೀರಿ ತಂಗಿ, ಹೋಗಿ ಬರ್ರಿ ಅಂದ್ರು. ಫೋನ್ ಬಂದಿದ್ದು ಆಮ್ಯಾಲ... ಬಸ್ ಹತ್ತಿದಮ್ಯಾಲ.

ಗೊತ್ತಿತ್ತು ನಿನಗ. ಮನಿಗೆ ಬಂದಾಗನ ಗೊತ್ತಿತ್ತು. ಆದ್ರೂ ಬಾಗಲ ಹೊರಗ ಹೋಗಿ, ಒಳಗ ಬಂದು, ‘ಬರ್ಲೇನ್ರಿ ಸರ್’ ಅಂದಿ. ನಾ ಕಡೀಕ ಏನ ಕಲಿಸ್ತೀನಿ ಅಂತ ನೋಡಾಕ ಕುಂತಿದ್ದಿ ನೀ! ನೋಡಿದಿಯಲ್ಲ. ಆತಿಲ್ಲೋ ಸಮಾಧಾನ? ಹೌದು, ನೀ ಸೋತು ಬರಬೇಕಂತನ ಇತ್ತು ನನಗ. ಇದೇ ಬಾಗಲದಾಗ, ನನ್ನಂಗ, ಮಾರಿ ಸಣ್ಣದ ಮಾಡಿಕೊಂಡು! ಸಾಹುಕಾರರ ಮ್ಯಾಗ ಏನ ಸೇಡು ನನಗ? ಅವರ ಮುಖಾನೂ ನೆನಪಿಲ್ಲ. ನಿನ್ನ ಮಾರಿ ದಿನಾ ನೋಡ್ತೀನಿ.

ಬೈಯಿ. ಅತ್ತೀನ ಕರದು ಹೇಳು, ಅದು ಬರತೈತೆಲ್ಲ ನಿನಗ! ಕರಿ. ಪಡಸಾಲ್ಯಾಗ ದೀಪ ಹಚ್ಚಾಕತ್ತಾಳ ನೋಡು...

ದೀಪ ಹಚ್ಚಿದ್ಲು. ನಿನ್ನ ಉಪಾಸ ಮುಗೀತು.

ಏನ ಮಾಡಾಕತ್ತಿ? ಲೇ ಗೀತಾ... ತಿನ್ನಾಕತ್ತಿಯೇನು? ನಾ ತಂದಿದ್ದನ್ನ? ಇದರಿಂದ ಉಪಾಸ ಬಿಡ್ತಿ? ಒಂದ ತಗೋತಿ, ಬೆಳಕಿಗೆ ಹಿಡದು ನೋಡ್ತಿ, ತಿಂತಿ. ಮತ್ತೊಂದ ತಗೋತಿ. ಕಣ್ಣಾಗ ನೀರ ಯಾಕ ನಿನಗ? ಗೆದ್ದಾಕಿ ನೀ. ಅಳಬೇಕಾದಾಕಿ ನಾ.

ಬಶಿ ಯಾಕ ಈ ಕಡೆ ಸರಿಸಿದಿ?

ಏನೂ ಅನವಲ್ಲಿ. ಅವರೂ ಹಿಂಗ ಸರಿಸಿದ್ರು, ಏನೂ ಅನ್ಲಿಲ್ಲ. ಗೀತಾ... ಬಾಯಿ ಬಿಡವಾ ಒಂದೀಟು. ಇದನ್ನ ನಾ ನೋಡಬೇಕೋ... ತಿನಬೇಕೋ?