ಮೋತಿಗೆ ಕಟ್ಟಿದ ಬೆಲ್ಲ

ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಸಾವಕ್ಕ ರಬಕವಿ ಬಸ್ಸಿಗೆ ಕಾದು ಕೂತಿದ್ದಳು. ಅವಳ ಪಕ್ಕದಲ್ಲಿ ರಜೆ ಮುಗಿಸಿ ಹೊರಟ ಸೈನಿಕನೊಬ್ಬನೂ ಅವನ ಅಕ್ಕನೂ ಇದ್ದರು. ಅಕ್ಕ ಅವನ ಚೀಲಕ್ಕೆ ಬೆಲ್ಲದ ಗಂಟು ತುರುಕುತ್ತಿದ್ದಳು. ಅವರ ಮಾತು ಸಾವಕ್ಕನ ಕಿವಿಗೆ ಬೀಳುತ್ತಿತ್ತು.

“ಇದು ನಿನಗಲ್ಲ, ನಿನ್ನ ಹೇಸರಗತ್ತಿ ಮೋತಿಗೆ.”

“ಬ್ಯಾಡಬೇ ಯಕ್ಕಾ. ಮೋತಿ ಈಗ ಅಲ್ಲಿಲ್ಲ.”

“ಸತ್ತಿತೇನೋ?”

“ಇಲ್ಲ. ಹೇಸರಗತ್ತಿ ಎಲ್ಲಾ ಕೆಳಗ ಕಳಿಸ್ಯಾರ. ಈಗ ಗುಡ್ಡದ ಮ್ಯಾಲ ಡ್ರೋನ್ ರೇಷನ್ ತರತೈತಿ.”

“ಛಲೋ ಆತಲ್ಲೋ. ಆ ಹಿಮದಾಗ ನೀ ಹೇರಿದ ಕತ್ತಿ ಹೊಡಕೊಂಡು ಹತ್ತೂದು ತಪ್ಪಿತು.”

“ಖರೆ. ಕಾಲು ಜಾರೂ ಅಂಜಿಕಿ ಇಲ್ಲ. ಡ್ರೋನ್ ಬರತೈತಿ, ಚೀಲ ಇಳಸತೈತಿ, ಹೋಗತೈತಿ.”

“ಮತ್ತ ಮಾರಿ ಯಾಕ ಸಣ್ಣ ಮಾಡಿದಿ?”

“ಅಲ್ಲಿ ನನ್ನ ಕನ್ನಡ ಅದೊಂದಕ್ಕ ತಿಳೀತಿತ್ತು.”

ಅಕ್ಕ ನಕ್ಕಳು. “ಕತ್ತಿಗೆ ಕನ್ನಡ ಕಲಿಸಿದಿ, ನೀ ಮಾತ್ರ ಹಿಂದಿ ಕಲೀಲಿಲ್ಲ.”

“ಹಿಂದಿ ಬರತೈತಿ. ಹುಕುಂ ತಿಳೀತೈತಿ. ಮನಿ ಸುದ್ದಿ ಹೇಳಾಕ ಬಾಯಿ ಬರೂದಿಲ್ಲ.”

ಅಕ್ಕನ ನಗು ನಿಂತಿತು. ಅಷ್ಟರಲ್ಲಿ ಬೆಳಗಾವಿ ಬಸ್ಸು ಬಂತು. ಅವನು ಗಂಟನ್ನು ತೆಗೆದು ಅಕ್ಕನ ಕೈಗಿಟ್ಟು ಹತ್ತಿದ. ಬಸ್ಸು ಹೊರಡುವಾಗ ಕಿಟಕಿಯಿಂದ ಮತ್ತೆ ಕೈ ಚಾಚಿದ.

“ಕೊಡಬೇ. ಕಿಸೆದಾಗ ಬೆಲ್ಲ ಇರಲಿಲ್ಲಂದ್ರ ಕೈ ಹುಡುಕತೈತಿ.”