ಹೊರಡುವ ದಿನದ ಕೊಬ್ಬರಿಮಿಠಾಯಿ

ಮಲೇಷ್ಯಾದ ಪೆಟಾಲಿಂಗ್ ಜಯಾದ ಆ ಕಚೇರಿಯಲ್ಲಿ ನಿರುದ್ಯೋಗ ಭತ್ಯೆಯ ಮೇಲ್ಮನವಿಗಳ ವಿಚಾರಣೆ ನಡೆಯುತ್ತಿತ್ತು. ಸರದಿಗೆ ಕಾದು ಕೂತಿದ್ದ ವಸುಧಾಳಿಗೆ ಹಿಂದಿನ ಸಾಲಿನಿಂದ ಕನ್ನಡ ಕೇಳಿಸಿತು. ಅತ್ತೆ ಮತ್ತು ಸೊಸೆ. ಕೊರೋನಾ ಕಾಲ, ನಡುವಿನ ಕುರ್ಚಿಯಲ್ಲಿ ಯಾರೂ ಕೂರದಂತೆ ಟೇಪು ಅಂಟಿಸಿದ್ದರು. ಮೂಗಿನ ಮೇಲೆ ಮಾಸ್ಕು ಬೇರೆ. ಗುಟ್ಟಿನ ಮಾತಿಗೂ ದನಿ ಏರಿಸಲೇಬೇಕಿತ್ತು.

“ನೀನಾಗೇ ಕೆಲಸ ಬಿಟ್ಟೆ, ಭತ್ಯೆ ಇಲ್ಲ ಅಂದ್ರಲ್ಲ. ಹಾಗ್ಯಾಕೆ ಅನ್ನಿಸ್ತಂತೆ ಅವರಿಗೆ, ರೋಹಿಣಿ?”

“ಕಂಪನಿಯೋರು ರಾಜೀನಾಮೆ ಜೊತೆ ಒಂದು ಫೋಟೋನೂ ಕೊಟ್ಟಿದಾರೆ ಅತ್ತೆ. ಕೊನೇ ದಿನ ನಗ್ತಾ ಎಲ್ಲರಿಗೂ ಕೊಬ್ಬರಿಮಿಠಾಯಿ ಹಂಚ್ತಿದೀನಿ.”

“ಬರಿಗೈಲಿ ಹೊರಡಬೇಡ ಅಂತ ಅದನ್ನ ಮಾಡಿಕೊಟ್ಟೋಳು ನಾನು.”

“ನಾನೇ ಬಿಡ್ತಿದೀನಿ ಅಂತ ನಿಮಗೂ ಹೇಳಿದ್ದೆನಲ್ಲ.”

“ಕೊಬ್ಬರಿ ತುರಿಯೋವಾಗ್ಲೇ ಗೊತ್ತಿತ್ತು ಕಣೇ. ಇಷ್ಟಪಟ್ಟು ಬಿಡೋಳು ಬಚ್ಚಲಲ್ಲಿ ನಲ್ಲಿ ತಿರುಗಿಸ್ಕೊಂಡು ಅಳ್ತಾಳಾ?”

ವಸುಧಾ ಹಿಂದಿರುಗಿ ನೋಡಲಿಲ್ಲ. ನೋಡಿದರೆ ಆ ಮಾತು ಅಲ್ಲೇ ನಿಂತುಬಿಡುತ್ತದೆಂದು ಅವಳಿಗೆ ತಿಳಿದಿತ್ತು.

“ಒಳಗೆ ವಿಚಾರಣೇಲಿ ಏನಂತ ಹೇಳ್ತೀಯ?” ಅತ್ತೆಯೇ ಮತ್ತೆ ಕೇಳಿದರು.

“ರಾಜೀನಾಮೆ ಬರೆದುಕೊಟ್ರೆ ಗೌರವ ಅಂತ ಮ್ಯಾನೇಜರ್ ಅಂದ್ರು, ಅದಕ್ಕೆ...”

“ಗೌರವ ಅತ್ಲಾಗಿರ್ಲಿ. ಆಗಿದ್ದನ್ನ ಹೇಳು. ಮೊದ್ಲು ನನಗೆ ಹೇಳು.”

“ತೆಗೆದುಹಾಕಿದ್ರು ಅತ್ತೆ.”

“ಕೇಳಿಸ್ಲಿಲ್ಲ.”

“ನನ್ನನ್ನ ಕೆಲಸದಿಂದ ತೆಗೆದುಹಾಕಿದ್ರು.”

ಈ ಸಲ ಇಡೀ ಕೋಣೆಗೆ ಕೇಳಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ರೋಹಿಣಿಯ ಹೆಸರು ಕೂಗಿದರು. ಒಬ್ಬರೇ ಬರಬೇಕೆಂದು ಮಲಯ್‌ನಲ್ಲಿ ಹೇಳಿದರು. ಅತ್ತೆ ಬಾಗಿಲವರೆಗೂ ಜೊತೆಯಲ್ಲೇ ನಡೆದರು.

“ನನಗೇ ಹೇಳಿದೋಳು,” ಅಂದರು. “ಇನ್ಯಾರಿಗೆ ಹೆದರ್ತೀಯ, ಹೋಗು.”